ಕೊಂದವನ ಕೈಗೆ ಮುತ್ತಿಟ್ಟ ಮುದುಕ

ಕುರುಕ್ಷೇತ್ರದ ಯುದ್ಧ ಮುಗಿದಿದೆ. ನೂರು ಮಕ್ಕಳನ್ನು ಕಳೆದುಕೊಂಡ ಧೃತರಾಷ್ಟ್ರ ಭೀಮನನ್ನು ಅಪ್ಪಿಕೊಳ್ಳಲು ತೋಳು ಚಾಚುತ್ತಾನೆ. ಅವನ ಮನಸ್ಸನ್ನು ಅರಿತ ಕೃಷ್ಣ ಕಬ್ಬಿಣದ ಭೀಮನನ್ನು ಮುಂದೊಡ್ಡುತ್ತಾನೆ. ಕುರುಡು ಮುದುಕನ ಅಪ್ಪುಗೆಗೆ ಆ ಪ್ರತಿಮೆ ನುಚ್ಚುನೂರು. ಹರಿಕಥೆಯಲ್ಲೋ ಗಮಕದಲ್ಲೋ ಅಜ್ಜಿಯ ಬಾಯಲ್ಲೋ ಈ ಕಥೆ ಕೇಳಿ ಬೆಳೆದ ಮೈಸೂರಿನ ಓದುಗ ಹೋಮರನ ‘ಇಲಿಯಡ್’ ಮಹಾಕಾವ್ಯದ 24ನೆಯ, ಅಂದರೆ ಕೊನೆಯ ಭಾಗಕ್ಕೆ ಬಂದಾಗ ತಡೆದು ನಿಲ್ಲುತ್ತಾನೆ.

ಅಲ್ಲೂ ಒಬ್ಬ ಮುದಿ ಅರಸ. 50 ಗಂಡುಮಕ್ಕಳ ತಂದೆಯಾಗಿದ್ದ ಟ್ರಾಯ್ ನಗರದ ಪ್ರಿಯಾಮ್. ಅವರಲ್ಲಿ ಹೆಚ್ಚಿನವರು ಯುದ್ಧಕ್ಕೆ ಬಲಿಯಾಗಿದ್ದಾರೆ. ಹಿರಿಮಗ ಹೆಕ್ಟರನನ್ನು ಕೊಂದ ಅಕಿಲೀಸ್ ಹೆಣವನ್ನು ರಥಕ್ಕೆ ಕಟ್ಟಿ ಎಳೆದಾಡಿದ್ದಾನೆ. ರಾತ್ರೋರಾತ್ರಿ ಶತ್ರುವಿನ ಬಿಡಾರ ಹೊಕ್ಕ ಪ್ರಿಯಾಮ್ ಅವನ ಮೊಣಕಾಲು ಹಿಡಿದು, ಮಗನನ್ನು ಕೊಂದ ಆ ಕೈಗಳಿಗೇ ಮುತ್ತಿಡುತ್ತಾನೆ. ನಿನ್ನ ತಂದೆಯನ್ನೂ ನೆನೆದುಕೋ ಎಂದು ಬೇಡುತ್ತಾನೆ. ಇಬ್ಬರೂ ಅಳುತ್ತಾರೆ: ಒಬ್ಬ ಮಗನಿಗಾಗಿ, ಇನ್ನೊಬ್ಬ ದೂರದ ತಂದೆಗಾಗಿ, ಸತ್ತ ಗೆಳೆಯನಿಗಾಗಿ.

ಕರುಣೆ ಉಕ್ಕಿದರೂ ಕೋಪ ಆರಿಲ್ಲ. ಹೆಣವನ್ನು ಮುದುಕನ ಕಣ್ಣಿಗೆ ಬೀಳದಂತೆ ಆಚೆ ಒಯ್ದು ತೊಳೆಯಿರಿ ಎಂದು ಅಕಿಲೀಸ್ ದಾಸಿಯರಿಗೆ ಹೇಳುತ್ತಾನೆ. ಮಗನನ್ನು ಕಂಡು ಪ್ರಿಯಾಮ್ ಸಿಡಿದೆದ್ದರೆ ತಾನು ಅವನನ್ನು ಕೊಂದುಬಿಟ್ಟೇನು ಎಂಬ ಭಯ ಅವನಿಗೆ. ಭೀಮನನ್ನು ಉಳಿಸಲು ಕೃಷ್ಣನೇ ನಡುವೆ ಬರಬೇಕಾಯಿತು. ಇಲ್ಲಿ ತನ್ನ ಕೋಪಕ್ಕೆ ತಾನೇ ಹೆದರಿದ ಮನುಷ್ಯ, ಅದರಿಂದ ಎದುರಾಳಿಯನ್ನು ತಾನೇ ಕಾಪಾಡುತ್ತಾನೆ.

ಹಾಗಾದರೆ ಈ ದುಃಖವೆಲ್ಲ ಏಕೆ? ಅಕಿಲೀಸ್ ಕೊಡುವ ಉತ್ತರ ಚಿಕ್ಕದು. ದೇವರಾಜ ಜ್ಯೂಸನ ಮನೆಯಲ್ಲಿ ಕೆಡುಕಿನ ವರಗಳೂ ಒಳಿತಿನ ವರಗಳೂ ತುಂಬಿದ ಹರವಿಗಳಿವೆ. ಕೆಲವರಿಗೆ ಎರಡನ್ನೂ ಬೆರೆಸಿ ಕೊಡುತ್ತಾನೆ, ಕೆಲವರಿಗೆ ಬರೀ ಕೆಡುಕನ್ನೇ. ಲೆಕ್ಕವಿಲ್ಲ, ಕಾರಣವಿಲ್ಲ. ಆ ಜ್ಯೂಸನೂ ತನ್ನ ಮಗ ಸರ್ಪಿಡಾನನನ್ನು ಸಾವಿನಿಂದ ತಪ್ಪಿಸಲಾರದೆ ಭೂಮಿಗೆ ರಕ್ತದ ಮಳೆ ಸುರಿಸುತ್ತಾನೆ. ‘ಪಡೆದುಕೊಂಡು ಬಂದದ್ದು’ ಎಂಬ ಮಾತಿನಲ್ಲಿ ಬೆಳೆದವರಿಗೆ ಇದು ಕಸಿವಿಸಿ. ಕರ್ಮದ ನೆಲೆ ಇಲ್ಲದ ಈ ಲೋಕದಲ್ಲಿ ಧರ್ಮ ನಿಲ್ಲುವುದೆಲ್ಲಿ?

ಮೈಸೂರಿಗೆ ಈ ಕಸಿವಿಸಿ ಹೊಸದಲ್ಲ. ಮಹಾರಾಜ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸಿದ ಬಿ.ಎಂ. ಶ್ರೀಕಂಠಯ್ಯನವರು ಟ್ರಾಯ್ ಯುದ್ಧದ ವೀರನೊಬ್ಬನ ಪತನದ ಕಥೆಯನ್ನು, ಸೊಫೊಕ್ಲಿಸನ ‘ಅಯಾಸ್’ ನಾಟಕವನ್ನು, ಮಹಾಭಾರತಕ್ಕೆ ಒಗ್ಗಿಸಿ 1929ರಲ್ಲಿ ‘ಅಶ್ವತ್ಥಾಮನ್’ ಬರೆದರು. ಚಿರಂಜೀವಿ ಎಂದು ನಾಡು ನಂಬಿದ ಅಶ್ವತ್ಥಾಮ ಅಲ್ಲಿ ಸಾಯುತ್ತಾನೆ. ಗ್ರೀಕರ ದುರಂತ ದೃಷ್ಟಿಯನ್ನು ಕನ್ನಡಕ್ಕೆ ತರಲು ಅವರು ಅಷ್ಟು ದೊಡ್ಡ ನಂಬಿಕೆಯನ್ನೇ ಮೀರಿದರು.

ಅದೇ ಕಾಲೇಜಿನ ಕುವೆಂಪು ಹಿಡಿದ ದಾರಿ ಬೇರೆ. 1949ರಲ್ಲಿ ಪ್ರಕಟವಾದ ‘ಶ್ರೀ ರಾಮಾಯಣ ದರ್ಶನಂ’ ಕಾವ್ಯದ ಆರಂಭದಲ್ಲಿ ಅವರು ಹೋಮರನಿಗೂ ನಮಿಸುತ್ತಾರೆ. ಅವನಂತೆಯೇ ಉದ್ದುದ್ದ ಹೋಲಿಕೆಗಳನ್ನು ಹೆಣೆದು ಮಲೆನಾಡಿನ ಕಾಡು, ಮಳೆಗಳನ್ನು ಲಂಕೆಯವರೆಗೂ ಒಯ್ಯುತ್ತಾರೆ. ಆದರೆ ದುಃಖವನ್ನು ಕಾರಣವಿಲ್ಲದೆ ಬಿಡಲು ಅವರಿಗೆ ಮನಸ್ಸಿಲ್ಲ. ‘ದಶಾನನ ಸ್ವಪ್ನಸಿದ್ಧಿ’ ಎಂಬ ಸಂಚಿಕೆಯಲ್ಲಿ ರಾವಣ ಕನಸಿನೊಳಗೆ ಮಗುವಾಗಿ ಸೀತೆಯ ಮಡಿಲು ಸೇರುತ್ತಾನೆ. ವೈರಿಯೂ ಮುಂದಿನ ಜನ್ಮದಲ್ಲಿ ಕಂದನಾಗಬಲ್ಲ ಎಂಬ ಭರವಸೆ ಅದು.

ಈ ಭರವಸೆ ದೊಡ್ಡದು. ಹೋಮರನಲ್ಲಿ ಇದಿಲ್ಲ, ಅಕಿಲೀಸನಿಗೂ ಪ್ರಿಯಾಮನಿಗೂ ಇರುವುದು ಇದೊಂದೇ ಬದುಕು, ಅದೂ ಮುಗಿಯುತ್ತ ಬಂದಿದೆ. ಆದರೂ ಅವರಿಬ್ಬರ ನಡುವೆ ನಡೆದದ್ದು ಧರ್ಮವಲ್ಲ ಎನ್ನಲಾದೀತೇ? ಸಾವಿನ ಮನೆಯಲ್ಲಿ ‘ಎಲ್ಲಾ ಅವರವರ ಕರ್ಮ’ ಎಂದು ಹೇಳಿ ಎದ್ದು ಹೋಗುವುದು ಸುಲಭ. ಏಕೆ ಎಂದು ಗೊತ್ತಿಲ್ಲದೆಯೂ ಅಳುವವರ ಜೊತೆ ಕೂರುವುದು ಕಷ್ಟ. ಕರ್ಮದಲ್ಲಿ ನಂಬಿಕೆ ಇಟ್ಟವರೂ ಹೋಮರನಿಂದ ಕಲಿಯಬೇಕಾದದ್ದು ಹಾಗೆ ಕೂರುವುದನ್ನು.

ಅಕಿಲೀಸ್ ತಾನೇ ಕುರಿ ಕಡಿದು ಊಟಕ್ಕೆ ಅಣಿಮಾಡುತ್ತಾನೆ. ಮಗ ಸತ್ತ ದಿನದಿಂದ ಏನನ್ನೂ ಬಾಯಿಗಿಡದ ಮುದುಕ ಉಣ್ಣುತ್ತಾನೆ. ಉಂಡಾದ ಮೇಲೆ ಇಬ್ಬರೂ ಒಬ್ಬರ ಮುಖ ಒಬ್ಬರು ಬೆರಗಿನಿಂದ ನೋಡುತ್ತಾರೆ. ಮಗನ ಸಂಸ್ಕಾರಕ್ಕೆ ಎಷ್ಟು ದಿನ ಬೇಕು ಎಂದು ಅಕಿಲೀಸ್ ಕೇಳುತ್ತಾನೆ. 11 ದಿನ ಎನ್ನುತ್ತಾನೆ ಪ್ರಿಯಾಮ್. ಬೇಕೇ ಬೇಕಾದರೆ 12ನೆಯ ದಿನ ಯುದ್ಧ.