ನನ್ನದು ಮೇಲು

ಒಂದು ಭಾನುವಾರದ ಸಂಜೆ ಚಳ್ಳಕೆರೆಯ ನಮ್ಮ ಮನೆಯ ಜಗಲಿಯ ಮೇಲೆ ಮಾತು ಜೋರಾಗಿತ್ತು. ನಾನು ಒಳಗೆ ಕುಳಿತು ಎಂಟನೇ ತರಗತಿಯ ಉತ್ತರ ಪತ್ರಿಕೆಗಳನ್ನು ತಿದ್ದುತ್ತಿದ್ದೆ. “ಬುದ್ಧಿ ಇದ್ದವನು ಯಾರಾದರೂ ಅದನ್ನು ಇಟ್ಟುಕೊಳ್ಳುತ್ತಾನೇನೋ?” ಎಂಬ ಮಾತು ಕಿವಿಗೆ ಬಿದ್ದಾಗ ಹೊಲ ಮನೆಯ ವಿಚಾರವೇನೋ ಎಂದು ಗಾಬರಿಯಿಂದ ಎದ್ದು ಬಂದೆ. ನೋಡಿದರೆ ನನ್ನ ಮಗ, ಅವನ ಚಿಕ್ಕಪ್ಪನ ಮಗ ಮತ್ತು ಅವರ ಜೊತೆ ಕಾಲೇಜಿಗೆ ಹೋಗುವ ಮೊಳಕಾಲ್ಮೂರಿನ ಹುಡುಗ. ಕಂಪ್ಯೂಟರಿನಲ್ಲಿ ಆಟವಾಡುವುದಕ್ಕೆ ವಿಂಡೋಸ್ ಮೇಲೋ ಲಿನಕ್ಸ್ ಮೇಲೋ, ಇಂಟೆಲ್ಲೋ ಎಎಂಡಿಯೋ, ಚಿತ್ರ ಮೂಡಿಸುವ ಕಾರ್ಡು ಎನ್‌ವಿಡಿಯಾದ್ದೇ ಆಗಬೇಕೋ ಬೇರೆಯದಾದರೂ ನಡೆದೀತೋ, ಇದು ಅವರ ವ್ಯಾಜ್ಯ. ಇವುಗಳಲ್ಲಿ ಒಂದನ್ನೂ ಇವರು ತಯಾರಿಸಿದ್ದಲ್ಲ. ಇವರ ಅಪ್ಪಂದಿರು ಆ ಕಂಪನಿಗಳ ಪಾಲುದಾರರೂ ಅಲ್ಲ. ಆದರೂ ಕುಲದೇವರ ಮಾನ ಹೋಗುತ್ತಿದೆ ಎನ್ನುವಂತೆ ಕೂಗಾಡುತ್ತಿದ್ದರು.

ನಗುತ್ತ ಒಳಗೆ ಹೊರಟವಳು ಒಂದು ಮುಖ ನೋಡಿ ನಿಂತೆ. ಮೊಳಕಾಲ್ಮೂರಿನ ಹುಡುಗ ನೇಕಾರರ ಮನೆಯವನು. ಅವನದು ಯಾರೋ ಬಳಸಿ ಮಾರಿದ ಹಳೆಯ ಯಂತ್ರ. 2021ರಲ್ಲಿ ಬಂದ ವಿಂಡೋಸ್ 11ಕ್ಕೆ ಬೇಕಾದ ಭದ್ರತಾ ಚಿಪ್ಪು ಅದರಲ್ಲಿಲ್ಲ. ಹಿಂದಿನ ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ಆದ್ದರಿಂದ ಅವನು ಲಿನಕ್ಸ್ ಹಾಕಿಕೊಂಡಿದ್ದ. 1991ರಲ್ಲಿ ಲಿನಸ್ ಟೋರ್ವಾಲ್ಡ್ಸ್ ಎಂಬ ಫಿನ್ಲೆಂಡಿನ ವಿದ್ಯಾರ್ಥಿ ಆರಂಭಿಸಿದ ಅದಕ್ಕೆ ದುಡ್ಡು ಕೊಡಬೇಕಾಗಿಲ್ಲ. ವಿಂಡೋಸಿಗೆಂದು ಮಾಡಿದ ಆಟಗಳನ್ನೂ ಅದರಲ್ಲಿ ನಡೆಸುವ ಪ್ರೋಟಾನ್ ಎಂಬ ಸಾಧನ 2018ರಿಂದ ಇದೆ. ಆದರೆ ಮೋಸ ತಡೆಯುವ ಕಾವಲು ತಂತ್ರಾಂಶ ಅಡ್ಡ ಬಂದು ಕೆಲವು ಆಟಗಳು ಇಂದಿಗೂ ಅದರಲ್ಲಿ ನಡೆಯವು. ಆ ಹುಡುಗನದು ತತ್ತ್ವವೂ ಹೌದು, ಬಡತನವೂ ಹೌದು. “ಅದೂ ಒಂದು ಕಂಪ್ಯೂಟರ್ರಾ?” ಎಂದು ನನ್ನ ಮಗ ನಕ್ಕ. ಹುಡುಗ ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ. ಮುಂದಿನ ಮೂರು ಭಾನುವಾರ ಅವನು ಬರಲಿಲ್ಲ.

“ತಮಾಷೆಗೆ ಅಂದದ್ದಮ್ಮ” ಎಂದ ಮಗ. ಅವನನ್ನು ಗದರಿಸಲು ಬಾಯಿ ತೆರೆದೆ, ಮಾತು ಹೊರಡಲಿಲ್ಲ. ನನಗೊಂದು ಸೀರೆ ನೆನಪಾಯಿತು.

ಇಪ್ಪತ್ತು ವರ್ಷಗಳ ಹಿಂದೆ ಕಂತಿನ ಮೇಲೆ ಒಂದು ಮೊಳಕಾಲ್ಮೂರು ರೇಷ್ಮೆ ಸೀರೆ ಕೊಂಡಿದ್ದೆ. ಅದನ್ನುಟ್ಟು ಶಾಲೆಗೆ ಹೋದ ದಿನ ಸಹೋದ್ಯೋಗಿಯೊಬ್ಬರು ಹೊಸ ಸೀರೆಯಲ್ಲಿ ಬಂದಿದ್ದರು. ನಾನು ಸೆರಗು ಮುಟ್ಟಿ ನೋಡಿ, “ಇದು ವಿದ್ಯುತ್ ಮಗ್ಗದ್ದಲ್ಲವೆ? ಕೈಮಗ್ಗದ ಮುಂದೆ ಇದು ಯಾವ ಲೆಕ್ಕ!” ಎಂದೆ. ಹೇಳಿದ್ದು ಸುಳ್ಳಲ್ಲ. ಆದರೆ ಅವರು ಆ ಸೀರೆಯನ್ನು ಮತ್ತೆಂದೂ ಶಾಲೆಗೆ ಉಟ್ಟು ಬರಲಿಲ್ಲ. ನಾನು ಆ ಮಾತನ್ನಾಡಿದ್ದು ಕೈಮಗ್ಗದ ಮೇಲಿನ ಅಭಿಮಾನದಿಂದಲೆ? ಅಲ್ಲ. ಇನ್ನೂ ಎಂಟು ಕಂತು ಬಾಕಿ ಇತ್ತು. ಅಷ್ಟು ದುಡ್ಡು ಸುರಿದದ್ದು ಸರಿ ಎಂದು ನನಗೆ ನಾನೇ ಹೇಳಿಕೊಳ್ಳಬೇಕಿತ್ತು. ಅದಕ್ಕೆ ಇನ್ನೊಬ್ಬರ ಸೀರೆ ಕೀಳಾಗಬೇಕಾಯಿತು. ಕೊಂಡ ವಸ್ತುವನ್ನು ಹೊಗಳುವಾಗ ಎಷ್ಟೋ ಸಲ ನಾವು ಕೊಂಡ ನಮ್ಮ ಜಾಣತನವನ್ನೇ ಹೊಗಳಿಕೊಳ್ಳುತ್ತಿರುತ್ತೇವೆ.

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯ ಅಶೋಕನ ಶಾಸನವನ್ನು 1892ರಲ್ಲಿ ಬಿ. ಎಲ್. ರೈಸ್ ಬೆಳಕಿಗೆ ತಂದರು. ತಂದೆತಾಯಿಗಳ ಮಾತು ಕೇಳಬೇಕು, ಪ್ರಾಣಿಗಳಲ್ಲಿ ದಯೆ ಇರಬೇಕು, ಸತ್ಯ ನುಡಿಯಬೇಕು, ಶಿಷ್ಯನು ಗುರುವನ್ನು ಗೌರವಿಸಬೇಕು ಎಂದು ಅದರಲ್ಲಿದೆ. ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋದಾಗ ನಾವು ಮೇಷ್ಟ್ರುಗಳು ಕೊನೆಯ ಮಾತನ್ನು ಸ್ವಲ್ಪ ಒತ್ತಿಯೇ ಹೇಳುತ್ತೇವೆ. ನನಗೀಗ ಬೇಕಾದ ಮಾತು ಮಾತ್ರ ಅಲ್ಲಿಲ್ಲ. ಅದು ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ, 1980ರ ದಶಕದಲ್ಲಿ ಗುಡಿಯ ಛಾವಣಿ ಕುಸಿದ ಮೇಲೆ ವಿಗ್ರಹದ ಪೀಠದ ಕಲ್ಲಿನಲ್ಲಿ ಕಾಣಿಸಿಕೊಂಡ ಶಾಸನಗಳಲ್ಲಿದೆ. ತನ್ನ ಪಂಥದ ಮೇಲಿನ ಮೋಹದಿಂದ ಅದನ್ನು ಹೊಗಳಿ ಪರರ ಪಂಥವನ್ನು ಹಳಿಯುವವನು ತನ್ನ ಪಂಥಕ್ಕೇ ಹೆಚ್ಚಿನ ಕೇಡು ಮಾಡುತ್ತಾನೆ ಎಂಬುದು ಅಶೋಕನ ಹನ್ನೆರಡನೆಯ ಶಾಸನದ ಅಭಿಪ್ರಾಯ. ಅವನು ವಾದವನ್ನು ನಿಷೇಧಿಸಲಿಲ್ಲ. ನಾಲಿಗೆಗೆ ಹಿಡಿತವಿರಲಿ, ಇನ್ನೊಬ್ಬರ ಮಾತನ್ನೂ ಕೇಳಿ ತಿಳಿಯಿರಿ ಎಂದ.

ಹಾಗಾದರೆ ಎಲ್ಲವೂ ಒಳ್ಳೆಯದೇ ಎಂದು ತಲೆದೂಗಿ ಸುಮ್ಮನಿರಬೇಕೆ? ಅದೂ ಸರಿಯಲ್ಲ. ಯೂಬಿಸಾಫ್ಟ್ ಎಂಬ ಕಂಪನಿ 2014ರಲ್ಲಿ ‘ದಿ ಕ್ರೂ’ ಎಂಬ ಕಾರು ಓಡಿಸುವ ಆಟವನ್ನು ಮಾರಿತು. ಒಬ್ಬನೇ ಆಡಬೇಕೆಂದರೂ ಕಂಪನಿಯ ಸರ್ವರಿಗೆ ಸಂಪರ್ಕವಿರಬೇಕಿತ್ತು. 2024ರ ಮಾರ್ಚ್ 31ರಂದು ಸರ್ವರನ್ನು ಮುಚ್ಚಿದ ಮೇಲೆ ದುಡ್ಡು ಕೊಟ್ಟು ಕೊಂಡವರ ಕೈಯಲ್ಲಿ ಏನೂ ಉಳಿಯಲಿಲ್ಲ. ಯುರೋಪಿನಲ್ಲಿ ಇದರ ವಿರುದ್ಧ ಎದ್ದ ಮನವಿಗೆ 2025ರ ಜುಲೈ ಹೊತ್ತಿಗೆ ಹತ್ತು ಲಕ್ಷಕ್ಕಿಂತ ಹೆಚ್ಚು ಸಹಿ ಬಿದ್ದವು. ಅಂಗಡಿಯವನು ಮಾರಿದ ಪಾತ್ರೆಯನ್ನು ಹತ್ತು ವರ್ಷದ ಮೇಲೆ ನಮ್ಮ ಅಡುಗೆಮನೆಗೆ ಬಂದು ಒಯ್ದರೆ ಸುಮ್ಮನಿರುತ್ತೇವೆಯೆ? ಅಲ್ಲಿ ಸಿಟ್ಟು ಬರಬೇಕು. ಆದರೆ ಆ ಸಿಟ್ಟು ಮಾರಿದವರ ಕಡೆಗೆ ಹೋಗಬೇಕೇ ಹೊರತು ಪಕ್ಕದಲ್ಲಿ ಕುಳಿತ ಗೆಳೆಯನ ಕಡೆಗಲ್ಲ. ಕೊಳ್ಳುವವರು ತಮ್ಮತಮ್ಮಲ್ಲೇ ಕಿತ್ತಾಡುತ್ತಿರುವಷ್ಟು ದಿನ ಮಾರುವವರು ನಿಶ್ಚಿಂತೆಯಿಂದ ಮಲಗಬಹುದು. ವಸ್ತುವನ್ನು ತೂಗಿ ನೋಡೋಣ. ಅದನ್ನಿಟ್ಟುಕೊಂಡ ಮನುಷ್ಯನನ್ನು ಅದೇ ತಕ್ಕಡಿಗೆ ಹಾಕುವುದು ಬೇಡ.

ನಾಲ್ಕನೆಯ ಭಾನುವಾರ ಮಗನನ್ನು ಕರೆದುಕೊಂಡು ಮೊಳಕಾಲ್ಮೂರಿಗೆ ಹೋದೆ. ಹುಡುಗನ ತಂದೆ ಕುಣಿಮಗ್ಗದಲ್ಲಿ ಕುಳಿತಿದ್ದರು. ಒಡಲು ಒಂದು ಬಣ್ಣ, ಅಂಚು ಇನ್ನೊಂದು ಬಣ್ಣ. ಎರಡನ್ನೂ ಬೇರೆ ಬೇರೆ ಲಾಳಿಗಳಿಂದ ಕೂಡಿಸುತ್ತಿದ್ದರು. “ಮಗ್ಗ ಹೇಗಿದೆ?” ಎಂದೆ. ಅವರು ಹೊಗಳಲಿಲ್ಲ. ಮಳೆಗಾಲದಲ್ಲಿ ಕುಣಿಗೆ ತೇವ ಬರುತ್ತದೆ, ದಿನವಿಡೀ ಕೂತರೆ ಸೊಂಟ ಹಿಡಿಯುತ್ತದೆ, ಕೆಲಸ ನಿಧಾನ ಎಂದು ಮೊದಲು ಅದರ ದೋಷಗಳನ್ನೇ ಹೇಳಿದರು. ಆಮೇಲೆ, “ಆದರೆ ಈ ಅಂಚು ಹೀಗೆ ಕೂಡಬೇಕಾದರೆ ಇದೇ ಬೇಕು” ಎಂದರು. ವಸ್ತುವಿನ ಜೊತೆ ಬಾಳಿದವರು ಮಾತನಾಡುವ ರೀತಿ ಇದು ಎನ್ನಿಸಿತು.

ಮಗನಿಗೆ ನಾನೇನೂ ಉಪದೇಶ ಮಾಡಲಿಲ್ಲ. ಒಳಗಿನ ಕೋಣೆಯಿಂದ ಅವನ ದನಿ ಕೇಳಿಸಿತು: “ನಿನ್ನದರಲ್ಲಿ ಯಾವ ಆಟ ನಡೆಯೋದಿಲ್ಲ, ತೋರಿಸು ನೋಡೋಣ.” ಅದು ಕ್ಷಮೆಯೋ ಅಲ್ಲವೋ ತಿಳಿಯದು. ಆ ಹುಡುಗ ನಕ್ಕದ್ದಂತೂ ಕೇಳಿಸಿತು. ಮುಂದಿನ ವಾರದಿಂದ ಜಗಲಿಯ ಮೇಲೆ ಮತ್ತೆ ಕೂಗಾಟ ಶುರುವಾಯಿತು.

ಸೀರೆಯ ಸಹೋದ್ಯೋಗಿ ನಿವೃತ್ತರಾಗಿ ಈ ಊರಲ್ಲೇ ಇದ್ದಾರೆ. ಮಗನಿಂದ ಮೂರು ವಾರದಲ್ಲಿ ಆದದ್ದು ನನ್ನಿಂದ ಇಪ್ಪತ್ತು ವರ್ಷಗಳಲ್ಲಿ ಆಗಿಲ್ಲ. ಅವರ ಮನೆ ನಮ್ಮ ಮನೆಯಿಂದ ಎರಡೇ ಬೀದಿ ಆಚೆ.