ಮೊದಲೇ ಆಡಿಟ್ಟ ಮಾತು

ಮೇ ತಿಂಗಳಲ್ಲಿ ಅಂಗಳಕ್ಕೆ ಚಪ್ಪರ ಹಾಕಿ ಮದುವೆ ಮಾಡುವವರಿಗೆ ಮಳೆಯ ಭಯ ಇದ್ದೇ ಇರುತ್ತದೆ. ಅದಕ್ಕೆಂದೇ ಟಾರ್ಪಾಲು ತಂದಿಟ್ಟಿರುತ್ತಾರೆ, ದೇವಸ್ಥಾನದ ಛತ್ರದ ಬೀಗದ ಕೈಯನ್ನೂ ಕೇಳಿ ಪಡೆದಿರುತ್ತಾರೆ. ಆದರೂ ಮಧ್ಯಾಹ್ನದ ಹೊತ್ತಿಗೆ ಮೋಡ ಕವಿದಾಗ ನಾಲ್ಕು ಮಂದಿ ಹಿರಿಯರು ಆಕಾಶ ನೋಡುತ್ತ ನಿಂತುಬಿಡುತ್ತಾರೆ. “ಗಾಳಿ ಎದ್ದಿದೆ, ಚೆದುರಿ ಹೋಗುತ್ತೆ ಬಿಡಿ” ಎನ್ನುತ್ತಾರೆ ಒಬ್ಬರು. “ಇದೊಂದು ಪಂಕ್ತಿ ಮುಗಿಯಲಿ” ಎನ್ನುತ್ತಾರೆ ಇನ್ನೊಬ್ಬರು. ಬಾಳೆಲೆಯ ಮೇಲೆ ಹನಿ ಬಿದ್ದ ಮೇಲೆ ಓಡಾಟ ಶುರುವಾಗುತ್ತದೆ. ಛತ್ರವೂ ಇತ್ತು, ಟಾರ್ಪಾಲೂ ಇತ್ತು. ಎಷ್ಟು ಮೋಡ ಕಂಡರೆ ಏಳಬೇಕು, ಏಳಿ ಎಂದು ಹೇಳುವವರು ಯಾರು ಎಂಬುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ದೊಡ್ಡ ಯೋಜನೆಗಳನ್ನು ನಡೆಸುವವರು ಬರಬಹುದಾದ ಅಪಾಯಗಳ ಪಟ್ಟಿ ಮಾಡುವಾಗ ಒಂದೊಂದರ ಮುಂದೆಯೂ ಇವೆರಡನ್ನು ಬರೆದಿಡುತ್ತಾರೆ. ನಮ್ಮ ಮನೆಗಳ ಎಚ್ಚರಿಕೆಯಲ್ಲಿ ಬಿಟ್ಟುಹೋಗುವುದೂ ಅವೇ.

ಮಂಗಳಯಾನದ ಒಂದು ದಿನ ಇಲ್ಲಿ ನೆನಪಾಗುತ್ತದೆ. 2013ರ ನವೆಂಬರ್ 5ರಂದು ಶ್ರೀಹರಿಕೋಟಾದಿಂದ ಹೊರಟ ನೌಕೆ ಇನ್ನೂ ಭೂಮಿಯನ್ನೇ ಸುತ್ತುತ್ತಿತ್ತು. ಬೆಂಗಳೂರಿನ ಪೀಣ್ಯದಲ್ಲಿರುವ ಇಸ್ರೋ ಕೇಂದ್ರದವರು ಅದರ ಕಕ್ಷೆಯನ್ನು ಹಂತಹಂತವಾಗಿ ಹಿಗ್ಗಿಸುತ್ತಿದ್ದರು. 11ರಂದು ನಾಲ್ಕನೆಯ ಹಂತ. ಕಕ್ಷೆಯ ತುತ್ತತುದಿ ಒಂದು ಲಕ್ಷ ಕಿಲೋಮೀಟರಿಗೆ ಏರಬೇಕಿತ್ತು. ಎಂಜಿನ್ನಿಗೆ ಇಂಧನ ಬಿಡುವ ಕವಾಟಕ್ಕೆ ಎರಡು ವಿದ್ಯುತ್ ಸುರುಳಿಗಳು, ಒಂದು ಕೆಟ್ಟರೆ ಇನ್ನೊಂದು ಇರಲೆಂದು. ಅಂದು ಎರಡನ್ನೂ ಒಟ್ಟಿಗೆ ಚಾಲೂ ಮಾಡಿ ಪರೀಕ್ಷಿಸಿದಾಗ ಇಂಧನದ ಹರಿವೇ ನಿಂತುಹೋಯಿತು. ಆಗ ಯಾರೂ ಯಾರನ್ನೂ ಕೇಳಬೇಕಾಗಲಿಲ್ಲ. ತಳ್ಳುವ ಬಲ ಕುಗ್ಗಿದರೆ ಏನು ಮಾಡಬೇಕೆಂದು ನೌಕೆಗೆ ಮೊದಲೇ ಹೇಳಿಟ್ಟಿದ್ದರು. ದಿಕ್ಕು ತಿದ್ದುವ ಪುಟ್ಟ ಥ್ರಸ್ಟರ್‌ಗಳು ತಾವೇ ಕೆಲಸಕ್ಕೆ ಇಳಿದವು. ಪುಟ್ಟವು ದೊಡ್ಡದರಷ್ಟು ತಳ್ಳಲಾರವು. ಸೆಕೆಂಡಿಗೆ 130 ಮೀಟರ್ ವೇಗ ಕೂಡಬೇಕಿದ್ದಲ್ಲಿ 35 ಮೀಟರ್ ಕೂಡಿತು, ತುದಿ 78,276 ಕಿಲೋಮೀಟರಿಗೆ ನಿಂತಿತು. ಕೊರತೆಯನ್ನು ಮರುದಿನ ಬೆಳಗಿನ ಜಾವವೇ ತುಂಬಿ 1,18,642ಕ್ಕೆ ಏರಿಸಿದರು. ಎರಡು ಸುರುಳಿಗಳನ್ನು ಜೊತೆಯಾಗಿ ನಡೆಸುವಂತಿಲ್ಲ, ಒಂದಾದ ಮೇಲೊಂದನ್ನು ನಡೆಸಬಹುದು ಎಂಬ ತಿಳಿವಳಿಕೆ ಭೂಮಿಯ ಹತ್ತಿರ ಇರುವಾಗಲೇ ಸಿಕ್ಕಿದ್ದು ದೊಡ್ಡ ಲಾಭ.

ಮುಂದೆ ಮಂಗಳದ ಬಳಿ ತಲುಪುವಾಗ ಸಂಕೇತ ಒಂದು ಕಡೆಗೆ ಹೋಗಲು ಹನ್ನೆರಡು ನಿಮಿಷಕ್ಕೂ ಹೆಚ್ಚು ಹಿಡಿಯುತ್ತಿತ್ತು. ಕೇಳಿ, ಉತ್ತರ ಪಡೆದು ಮಾಡುವ ಕೆಲಸ ಅಲ್ಲಿ ಸಾಧ್ಯವೇ ಇಲ್ಲ. ಸುಮಾರು 300 ದಿನ ಸುಮ್ಮನಿದ್ದ ಮುಖ್ಯ ಎಂಜಿನ್ ಹೊತ್ತದಿದ್ದರೆ ಎಂಟು ಪುಟ್ಟ ಥ್ರಸ್ಟರ್‌ಗಳನ್ನೇ ಹೆಚ್ಚು ಹೊತ್ತು ಉರಿಸುವುದೆಂದು ನಿಶ್ಚಯವಾಗಿತ್ತು. 2014ರ ಸೆಪ್ಟೆಂಬರ್ 22ರಂದು ಸುಮಾರು ನಾಲ್ಕು ಸೆಕೆಂಡ್ ಎಂಜಿನ್ ಉರಿಸಿ ನೋಡಿದರು. 24ರಂದು ನೌಕೆ ಮಂಗಳದ ಕಕ್ಷೆ ಸೇರಿತು. ಬದಲಿ ಉಪಾಯ ಬೇಕಾಗಲಿಲ್ಲ. ಅದಕ್ಕೆ ಪಟ್ಟ ಶ್ರಮ ವ್ಯರ್ಥವೆಂದು ನನಗೆ ಅನ್ನಿಸುವುದಿಲ್ಲ. ಅದು ಇತ್ತೆಂಬ ಧೈರ್ಯದಲ್ಲೇ ಅಲ್ಲವೇ ಆ ಬೆಳಗ್ಗೆ ಅಷ್ಟು ಜನ ಉಸಿರು ಹಿಡಿದು ಕೂರಲು ಸಾಧ್ಯವಾದದ್ದು?

ನಮ್ಮ ನಿಮ್ಮ ಮನೆಗಳಲ್ಲಿ ಹೀಗೆ ಮೊದಲೇ ನಿಶ್ಚಯಿಸಿಡುವುದು ಜೀವದ ಪ್ರಶ್ನೆಯಾಗುವುದು ಹಿರಿಯರಿಗೆ ಎದೆನೋವು ಬಂದ ರಾತ್ರಿಯಲ್ಲಿ. ವಿಮೆ ಮಾಡಿಸಿರುತ್ತೇವೆ, ಬೀರುವಿನಲ್ಲಿ ಆಪತ್ಕಾಲಕ್ಕೆಂದು ಹಣವೂ ಇರುತ್ತದೆ. ಆದರೆ ಅಪ್ಪ “ಗ್ಯಾಸು ಕಣೋ, ಓಮ ಅಗಿದರೆ ಹೋಗುತ್ತೆ, ಬೆಳಗ್ಗೆ ನೋಡೋಣ” ಎಂದ ಕೂಡಲೇ ಎಲ್ಲರ ಕೈ ಕಟ್ಟಿಹೋಗುತ್ತದೆ. ಹೃದಯಾಘಾತದಲ್ಲಿ ತಡವಾದಷ್ಟೂ ಹೃದಯದ ಸ್ನಾಯು ಸಾಯುತ್ತ ಹೋಗುತ್ತದೆ. ಸಕ್ಕರೆ ಕಾಯಿಲೆ ಇರುವವರಲ್ಲಿ ನೋವು ಅಷ್ಟಾಗಿ ಕಾಣದೆ ಬರೀ ಬೆವರು, ಆಯಾಸ, ಏದುಸಿರು ಇರಬಹುದು. ಆದ್ದರಿಂದ ಎಲ್ಲರೂ ಚೆನ್ನಾಗಿರುವಾಗಲೇ, ಹಿರಿಯರನ್ನೂ ಕೂರಿಸಿಕೊಂಡು, ಮಾತು ಮುಗಿಸಿಡಬೇಕು. ಎದೆ ಹಿಡಿದು ಹತ್ತು ನಿಮಿಷದಲ್ಲಿ ಬಿಡದಿದ್ದರೆ, ಜೊತೆಗೆ ಬೆವರು ಅಥವಾ ಏದುಸಿರು ಇದ್ದರೆ ಅಷ್ಟೂ ಕಾಯದೆ, ಆಸ್ಪತ್ರೆಗೆ ಹೊರಡುವುದು. “ಆಗ ನಾನು ಬೇಡ ಎಂದರೂ ಕೇಳಬೇಡಿ” ಎಂಬ ಅಪ್ಪಣೆಯನ್ನು ಅವರ ಬಾಯಿಂದಲೇ ಪಡೆಯುವುದು. ಇನ್ನೂ ಒಂದು ಮಾತಿದೆ. ಹಗಲೆಲ್ಲ ಹಿರಿಯರ ಜೊತೆ ಮನೆಯಲ್ಲಿರುವುದು ಎಷ್ಟೋ ಕಡೆ ಸೊಸೆ. ತೀರ್ಮಾನ ಮಾಡುವ ಅಧಿಕಾರ ಇಲ್ಲದಿರುವುದೂ ಅವಳಿಗೇ. “ನೀನೇ 108ಕ್ಕೆ ಫೋನ್ ಮಾಡಮ್ಮ, ಯಾರನ್ನೂ ಕೇಳುತ್ತ ಕೂರಬೇಡ” ಎಂದು ಅತ್ತೆ ಮಾವ ಎಲ್ಲರ ಎದುರಿಗೆ ಒಮ್ಮೆ ಹೇಳಿಬಿಟ್ಟರೆ, ಮೀಟಿಂಗಿನಲ್ಲಿರುವ ಮಗ ಫೋನ್ ಎತ್ತುವವರೆಗೆ ಆಂಬುಲೆನ್ಸ್ ಕಾಯಬೇಕಾಗಿಲ್ಲ.