ಇಂದಿನ ಧಮ್ಮ ಚಿಂತನೆ: ಬಟವಾಡೆ ದಿನದ ಸಂಜೆ



1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಕೊಟ್ಟ 22 ಪ್ರತಿಜ್ಞೆಗಳಲ್ಲಿ ಕುಡಿಯುವುದಿಲ್ಲ ಎಂಬುದೂ ಒಂದು. ಪ್ರತಿಜ್ಞೆ ಹೇಳುವಾಗ ಎಲ್ಲರ ದನಿಯೂ ಜೋರಾಗಿಯೇ ಇರುತ್ತದೆ. ಕಷ್ಟ ಬರುವುದು ಆಮೇಲೆ, ಬಿಟ್ಟು ಮೂರೋ ನಾಲ್ಕೋ ತಿಂಗಳಾದ ಮೇಲೆ, ಒಂದು ಬಟವಾಡೆ ದಿನ.

ನಮ್ಮ ಬೆಳಗೋಡು ಸುತ್ತಿನ ತೋಟಗಳಲ್ಲಿ ಕಾಫಿ ಕುಯ್ಲಿನ ಕಾಲ ನೆನೆಸಿಕೊಳ್ಳಿ. ಬೆಳಗಿನಿಂದ ಹಣ್ಣು ಕುಯ್ದು ಮೂಟೆ ಹೊತ್ತವನಿಗೆ ಹೊಟ್ಟೆ ಹಸಿದಿರುತ್ತದೆ, ಸೊಂಟ ಬಿದ್ದುಹೋಗಿರುತ್ತದೆ. ರೈಟರು ಅಂದ ಮಾತು ಒಳಗೇ ಕುಟುಕುತ್ತಿರುತ್ತದೆ. ಜೇಬಿನಲ್ಲಿ ವಾರದ ದುಡ್ಡು, ಪಕ್ಕದಲ್ಲಿ ಹಳೇ ಜೊತೆಗಾರರು. ಹಸಿವು, ಸಿಟ್ಟು, ಒಂಟಿತನ, ದಣಿವು: ಕುಡಿತ ಬಿಟ್ಟವರು ಈ ನಾಲ್ಕಕ್ಕೆ ಹೆದರಬೇಕು ಎನ್ನುತ್ತಾರೆ. ಅವನಿಗೆ ನಾಲ್ಕೂ ಒಂದೇ ಸಂಜೆ ಬಂದಿವೆ. ಬಿಟ್ಟ ಮೇಲೆ ಎಷ್ಟೋ ಜನಕ್ಕೆ ತಿಂಗಳುಗಟ್ಟಲೆ ಸರಿಯಾಗಿ ನಿದ್ದೆಯೂ ಬರುವುದಿಲ್ಲ. 2007ರ ಜುಲೈನಲ್ಲಿ ಸರ್ಕಾರ ಸಾರಾಯಿ ನಿಲ್ಲಿಸಿತು, ಅಂಗಡಿ ನಿಲ್ಲಲಿಲ್ಲ.

ಐದನೆಯ ಶೀಲದಲ್ಲಿ ‘ಪಮಾದ’ ಎಂಬ ಮಾತಿದೆ. ಎಚ್ಚರ ತಪ್ಪುವುದು ಎಂದರ್ಥ. ಕುಡಿದರೆ ಎಚ್ಚರ ತಪ್ಪುತ್ತದೆ, ಸರಿ. ಆದರೆ ಬಿಟ್ಟು ಮತ್ತೆ ಹಿಡಿದವರಿಗೆ ಲೋಟ ಮುಟ್ಟುವ ಮೊದಲೇ ಅದು ತಪ್ಪಿರುತ್ತದೆ. ‘ಬೀಡಿ ತಗೊಂಡು ಬರ್ತೀನಿ’ ಎಂದು ವೈನ್ ಶಾಪ್ ಇರುವ ದಾರಿಯನ್ನೇ ಹಿಡಿದಾಗ. ‘ಇಷ್ಟು ದಿನ ಬಿಟ್ಟಿದ್ದೀನಲ್ಲ, ಒಂದು ತೊಂಬತ್ತು ಏನು ಮಾಡುತ್ತೆ’ ಎಂದುಕೊಂಡಾಗ.

ಇನ್ನೊಂದು ಕಾರಣ ನಾವೇ. ಒಬ್ಬ ಮತ್ತೆ ಕುಡಿದ ಎಂದು ಗೊತ್ತಾದರೆ ಸಾಕು, ‘ಇವನೆಂಥ ಬೌದ್ಧ’ ಅಂತೀವಿ. ಅವನು ವಂದನೆಗೆ ಬರುವುದನ್ನು ಬಿಡುತ್ತಾನೆ. ಒಂದು ದಿನದ ಕುಡಿತ ನಾಚಿಕೆಯಿಂದಲೇ ತಿಂಗಳ ಕುಡಿತವಾಗುತ್ತದೆ. ಪಾಳಿಯಲ್ಲಿ ಶೀಲಕ್ಕೆ ‘ಸಿಕ್ಖಾಪದ’ ಅನ್ನುತ್ತಾರೆ, ಕಲಿಕೆಯ ಹೆಜ್ಜೆ. ಒಮ್ಮೆ ತೆಗೆದುಕೊಂಡರೆ ಮುಗಿಯುವಂತಿದ್ದರೆ ಪ್ರತಿ ವಂದನೆಯಲ್ಲೂ ನಾವೆಲ್ಲ ಮತ್ತೆ ಯಾಕೆ ಹೇಳುತ್ತಿದ್ದೆವು? ಸಿಗಾಲೋವಾದ ಸುತ್ತದಲ್ಲಿ ಬುದ್ಧರು ಕುಡಿಯುವಾಗ ಮಾತ್ರ ಗೆಳೆಯನಾಗುವವನ ಬಗ್ಗೆ ಎಚ್ಚರಿಸಿದ್ದಾರೆ. ಎಚ್ಚರ ತಪ್ಪಿದವನನ್ನು ಕಾಯುವವನನ್ನು ನಿಜವಾದ ಮಿತ್ರ ಎಂದಿದ್ದಾರೆ. ಅಲ್ಲಿಯೂ ಅದೇ ಪಮಾದದ ಮಾತು.

ಈ ವಾರ ಬಟವಾಡೆ ಆದ ಮೇಲೆ, ಬಿಟ್ಟಿರುವ ಅಣ್ಣನ ಜೊತೆ ಯಾರಾದರೂ ಇಬ್ಬರು ಮನೆವರೆಗೆ ನಡೆದು ಬನ್ನಿ. ಮೊದಲು ಊಟವಾಗಲಿ, ದುಡ್ಡು ಅಕ್ಕನ ಕೈ ಸೇರಲಿ. ಮತ್ತೆ ಕುಡಿದವರಿದ್ದರೆ ಏನೂ ಕೇಳದೆ ಭಾನುವಾರದ ವಂದನೆಗೆ ಕರೆತನ್ನಿ.

ಸೂಚನೆ: ದಿನಾ ಹೆಚ್ಚು ಕುಡಿಯುವವರು ಒಮ್ಮೆಗೇ ಬಿಟ್ಟರೆ ಕೈನಡುಕ, ಫಿಟ್ಸ್ ಬರಬಹುದು. ಡಾಕ್ಟರನ್ನು ಕೇಳಿಯೇ ಬಿಡಿಸಿ. ಟೆಲಿ ಮಾನಸ್ ಸಹಾಯವಾಣಿ 14416, ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ.